ನಲವತ್ತನಾಲ್ಕು ಫಿಲ್ಸ್

ಜಾಗದ ಹೆಸರು ಸಜಾ.
ಅರಬಿಯಲ್ಲಿ ಬೇರೇನೋ ಅರ್ಥವಿದ್ದೀತು,
ಕನ್ನಡದ ಕಿವಿಗೆ ಕೇಳುವುದು ಒಂದೇ.
ಶಾರ್ಜಾದ ಬೆನ್ನಿಗೆ, ಟಾರು ಸೋತು ಮರಳು ಮೊದಲಾಗುವಲ್ಲಿ
ಬಾಯಿ ತೆರೆದು ನಿಂತ ಸತ್ತ ಫ್ರಿಜ್ಜುಗಳು,
ಏಸಿಗಳ ಎಲುಬುಗೂಡು,
ವಾಷಿಂಗ್ ಮೆಷಿನ್ನಿನ ಹೊಟ್ಟೆಯಲ್ಲಿ
ಮರಿ ಹಾಕಿದ ಬೆಕ್ಕು.

ಹಸನಬ್ಬರ ಅಂಗಡಿಗೆ ಬೋರ್ಡಿಲ್ಲ,
ಬಾಗಿಲಿಗೆ ತೂಗಿದ ಸೈಕಲ್ ಟ್ಯೂಬೇ ಗುರುತು.
ಬಂಟ್ವಾಳ ಬಿಟ್ಟು ಮೂವತ್ತೊಂದು ವರ್ಷ.
ಮೇಜಿನ ಮೇಲೆ ಹಲ್ಲುಜ್ಜುವ ಬ್ರಶ್ಶು, ಗಿಟಾರಿನ ತಂತಿ,
ಅಂಚು ಮಸೆದು ಚೂಪಾದ ಎರಡು ಚಮಚ.
ನಾನು ಹೋದದ್ದು ಮಿಕ್ಸಿಯ ಕಪ್ಲರಿಗೆ.
ಚೀಟಿ ಬರೆದು ಹಿಡಿಗೆ ಕಟ್ಟಿ,
"ಸ್ವಲ್ಪ ಕೂತ್ಕೊಳ್ಳಿ" ಅಂದರು.

ನೆಲದಲ್ಲೊಂದು ಗೋಣಿ. ತುಂಬ
ಕೊರಳಿಗೆ ಹಾಕುವ ಪುಟ್ಟ ಫ್ಯಾನುಗಳು.
ಯಾವುದೋ ಕಂಪೆನಿ ಕಟ್ಟಡದ ಆಳುಗಳಿಗೆ
ಬೇಸಿಗೆಗೆಂದು ಹಂಚಿದ್ದು. ಒಂದೇ ಬೇಸಿಗೆ.
ಅಂಚಿನಲ್ಲಿ ಬೆವರಿನ ಉಪ್ಪು ಬಿಳಿ ಗೆರೆ,
ಒಂದರ ಮೇಲೆ ಮೊಳೆಯಲ್ಲಿ ಗೀಚಿದ ಹೆಸರು: ರಾಮಸುಭಗ.

"ಮೋಟಾರಿಗೆ ಜೀವ ಉಂಟು, ರೆಕ್ಕೆಗೆ ಜೀವ ಉಂಟು,
ಸತ್ತದ್ದು ಬೆರಳುದ್ದದ ಬ್ಯಾಟರಿ ಮಾತ್ರ.
ಒಳಗೆ ಹೋಗುವುದು ಎಲ್ಲಿಂದ?
ತಿರುಪಿಲ್ಲ, ಸಂದಿಲ್ಲ.
ಕಫನಿಗೂ ನಾವು ಹೊಲಿಗೆ ಹಾಕುವುದಿಲ್ಲ,
ಇದನ್ನು ನೋಡಿ!
ಯಾರು ಮಾಡಿದ್ದು ಮಾರಾಯ್ರೆ?"

ನಾನು ಮಿಕ್ಸಿಯ ಕಡೆ ನೋಡಿದೆ.

ಹತ್ತೊಂಬತ್ತನೇ ಮಹಡಿ. ಗಾಜಿನಾಚೆ ಕೆಂಡ,
ಈಚೆ ಶಾಲು ಹೊದ್ದು ಕೂತ ನಾವು.
ನನ್ನ ನಕ್ಷೆಯಲ್ಲಿ ನಾಲ್ಕು ಸಣ್ಣ ಸೊನ್ನೆ.
ತಿರುಪೊಂದಕ್ಕೆ ಹನ್ನೊಂದು ಫಿಲ್ಸ್, ನಾಲ್ಕಕ್ಕೆ ನಲವತ್ತನಾಲ್ಕು,
ಲಕ್ಷ ಫ್ಯಾನಿಗೆ ಎಷ್ಟಾಯಿತು? ಯಾರೋ ಲೆಕ್ಕ ಹೇಳಿದರು.
ಅಳಿಸಿದೆ. ಅಂಟು ಸಾಕು ಅಂದೆ.
ಹಾಲಿನ ಕೆನೆಯ ಹಾಗೆ ನುಣುಪಾಗಿ ಬಂತು,
ನನಗೂ ಇಷ್ಟವಾಯಿತು, ಸುಳ್ಳು ಯಾಕೆ.
ಗೋಡೆಯ ಪರದೆಯಲ್ಲಿ ವಸ್ತುವಿನ ಆಯುಷ್ಯದ ಬಾಣ:
ಗಣಿ, ಅಚ್ಚು, ಹಡಗು, ಅಂಗಡಿ, ಗಿರಾಕಿ.
ಅಲ್ಲಿಗೆ ನಿಂತಿತು. ಆಚೆ ಬರೀ ಬಿಳಿ.
ಆ ಬಿಳಿಗೊಂದು ಊರು, ಊರಿಗೊಂದು ಹೆಸರು
ಇದ್ದೀತೆಂದು ಯಾರೂ ಕೇಳಲಿಲ್ಲ.

ಉಬ್ಬಿದವನ್ನು ಆರಿಸಿ ಮರಳಿನ ಬಕೆಟಿಗಿಟ್ಟು
ಹಸನಬ್ಬರು ಏಣಿ ಹತ್ತಿದರು. ಜುಲೈ, ನಡು ಮಧ್ಯಾಹ್ನ.
ತಗಡಿನ ಮೇಲೆ ಹಪ್ಪಳದ ಹಾಗೆ ಹರಡಿದರು.
"ಹತ್ತೇ ನಿಮಿಷ. ಹೆಚ್ಚಾದರೆ ಬ್ಯಾಟರಿಗೆ ಸಿಟ್ಟು."
ಯಾವ ಬಿಸಿಲಿಗೆ ಅಂಜಿ ಕೊರಳಿಗೆ ಕಟ್ಟಿಕೊಂಡರೋ
ಆ ಬಿಸಿಲೇ ಕೂತು
ನನ್ನ ಅಂಟನ್ನು ಬಿಡಿಸುತ್ತಿತ್ತು.

ಚಮಚ ತೂರಿಸಿದರು. ಟಕ್.
ಒಳಗೋಡೆಯಲ್ಲಿ ಇರುವೆಯಷ್ಟೇ ದೊಡ್ಡ ಮೂರಕ್ಷರ,
ಅಚ್ಚಿನವನಿಗೆ ಹೇಳಿ ಗುಟ್ಟಾಗಿ ಹಾಕಿಸಿದ್ದು,
ಯಾರೂ ತೆರೆಯಲಾರರೆಂದು
ಕನ್ನಡದಲ್ಲೇ: ಜೆಸಿಂತ.

ಕನ್ನಡಕ ಹಣೆಗೇರಿಸಿ ಓದಿದರು.
ಮಿಕ್ಸಿಗೆ ಕಟ್ಟಿದ ಚೀಟಿಯನ್ನೂ ಓದಿದರು,
ತಾವೇ ಬರೆದದ್ದು, ಅದೇ ಮೂರಕ್ಷರ.
ಬೆಕ್ಕು ಬಂದು ಹೋಯಿತು.
ಹುಡುಗನನ್ನು ಕರೆದು ಎರಡು ಸುಲೈಮಾನಿ ಹೇಳಿದರು.
ಇನ್ನೊಂದು ಚಮಚ ನನ್ನ ಕಡೆ ದೂಡಿದರು.
"ಇನ್ನು ಮುನ್ನೂರ ಆರು ಉಂಟು.
ಓರೆ ಹಿಡಿಯಿರಿ, ಬ್ಯಾಟರಿಗೆ ತಾಗಬಾರದು."

ಮೂರನೆಯದಕ್ಕೆ ಉಗುರು ಸೀಳಿತು. ಹತ್ತರ ಹೊತ್ತಿಗೆ ಕೈ ಕಲಿತಿತು.
ಹೊಸ ಬ್ಯಾಟರಿ ಕೂರಿಸಿ ಮುಚ್ಚುವಾಗ
ಅವರು ನಾಲ್ಕು ತೂತು ಕೊರೆದರು,
ನಕ್ಷೆ ನೋಡದೆ,
ನಾನು ಅಳಿಸಿದ ಜಾಗದಲ್ಲೇ.
ಹಳೇ ರೇಡಿಯೋ ಒಂದರಿಂದ ಬಿಚ್ಚಿದ ತಿರುಪು.

ಮೊದಲು ತಿರುಗಿದ್ದು ರಾಮಸುಭಗನದು.
ಮುಖಕ್ಕೆ ಬಡಿದ ಗಾಳಿಯಲ್ಲಿ
ಯಾರದೋ ಬೆವರು, ಸುಟ್ಟ ಗೋಂದು.

ಕತ್ತಲಾದ ಮೇಲೆ ಮನೆಗೆ ಬಂದೆ.
ಮಿಕ್ಸಿ ಅಲ್ಲೇ ಉಳಿದಿತ್ತು.